ಓದಿಗೆ ಸಿಗದ ಟ್ಯಾಗಿನ ಬೆನ್ನು ಹತ್ತು

ರೇಡಿಯೊ ಅಲೆಯಿಂದ ಟ್ಯಾಗಿನ ಗುರುತು ಓದುವ ಆರ್‌ಎಫ್‌ಐಡಿ ತಂತ್ರದ ಕೆಲಸ ಮಾಡುವ ಕಡೆ ನಿನಗೆ ಇಂಟರ್ನ್‌ಶಿಪ್ ಸಿಕ್ಕಿದೆ ಎಂದು ಕೇಳಿ ಖುಷಿಯಾಯಿತು. ಇದೇ ಕ್ಷೇತ್ರದಲ್ಲಿ ಕೂದಲು ಬೆಳ್ಳಗಾದವನು ನಾನು. ನೀನು ಹೊರಡುವ ಮುಂಚೆ ನಾಲ್ಕು ಮಾತು ಹೇಳಿ ಕಳಿಸಬೇಕು ಅನ್ನಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ನಿನಗೆ ಹೆಚ್ಚು ಕಲಿಸುವುದು ಓದಿಗೆ ಸಿಗದೆ ಉಳಿದ ಟ್ಯಾಗು. ಗೇಟಿನಲ್ಲಿ 100 ಪೆಟ್ಟಿಗೆ ದಾಟಿ 96 ಓದಾದರೆ ಎಲ್ಲರ ಕಣ್ಣೂ ಪರದೆಯ ಮೇಲಿನ 96ರ ಮೇಲೇ ಇರುತ್ತದೆ. ನೀನು ಉಳಿದ ನಾಲ್ಕನ್ನು ಹುಡುಕಿಕೊಂಡು ಹೋಗು. ಅವು ಯಾಕೆ ಓದಾಗಲಿಲ್ಲ ಎಂಬುದನ್ನು ಕೈಯಾರೆ ಕಂಡುಕೊಂಡ ದಿನ ನಿನ್ನೊಳಗಿನ ಎಂಜಿನಿಯರ್ ಕಣ್ಣು ಬಿಡುತ್ತಾನೆ.

ಕಾಲೇಜಿನಲ್ಲಿ ನೀನು ಆರ್‌ಎಫ್‌ಐಡಿ ಮುಟ್ಟಿಲ್ಲ ಎಂದೇನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಆರ್‌ಸಿ522 ಮಾಡ್ಯೂಲ್ ತಂದು, ಆರ್ಡುಯಿನೊಗೆ ಜೋಡಿಸಿ, ಹಾಜರಾತಿಯ ಮಿನಿ ಪ್ರಾಜೆಕ್ಟ್ ಮಾಡದ ಎಲೆಕ್ಟ್ರಾನಿಕ್ಸ್ ವಿಭಾಗ ನಮ್ಮಲ್ಲಿ ಅಪರೂಪ. ಒಳ್ಳೆಯ ಆರಂಭವೇ ಅದು. ಆದರೆ ಅಲ್ಲಿ ಕಾರ್ಡನ್ನು ರೀಡರ್ ಹತ್ತಿರ ತಂದು ಹಿಡಿಯುವ ಕೈ ನಿನ್ನದೇ ಆಗಿತ್ತು. ಓದಾಗದಿದ್ದರೆ ಇನ್ನೊಮ್ಮೆ ಹಿಡಿಯುತ್ತಿದ್ದೆ. ಗೋದಾಮಿನಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಟೋಲ್ ಗೇಟಿನಲ್ಲಿ ಹಾಗೆ ಹಿಡಿಯುವವರು ಯಾರೂ ಇಲ್ಲ. ಟ್ಯಾಗ್ ಹೊತ್ತ ವಸ್ತು ತನ್ನ ಪಾಡಿಗೆ ತಾನು ಸಾಗುತ್ತಿರುತ್ತದೆ. ಅದು ಹೇಗೆ ತಿರುಗಿದೆ, ಯಾವುದರ ಹಿಂದೆ ಅಡಗಿದೆ ಎಂಬುದು ನಿನ್ನ ಕೈಯಲ್ಲಿಲ್ಲ. ಸಿಕ್ಕ ಅರೆಕ್ಷಣದಲ್ಲೇ ಓದಾಗಬೇಕು. ಪ್ರಾಜೆಕ್ಟಿಗೂ ಸೈಟಿಗೂ ಇರುವ ಅಂತರ ಇದು.

ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ವಿಟಿಯು ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ, ದುಡ್ಡು ಕಟ್ಟಿಸಿಕೊಂಡು ಸರ್ಟಿಫಿಕೇಟ್ ಕೈಗಿಡುವವರೂ ಹುಟ್ಟಿಕೊಂಡಿದ್ದಾರೆ. ಎರಡು ವಾರ ಸ್ಲೈಡ್ ತೋರಿಸಿ, ಹಳೆಯ ರಿಪೋರ್ಟಿಗೆ ಹೊಸ ಹೆಸರು ಹಚ್ಚಿ ಕಳಿಸುವ ಜಾಗ ನಿನಗೆ ಬೇಡ. ಸೇರುವ ಮುಂಚೆ ಮೂರು ಪ್ರಶ್ನೆ ಕೇಳು. ನಾನು ಮುಟ್ಟಬಹುದಾದ ರೀಡರ್ ಮತ್ತು ಟ್ಯಾಗುಗಳು ಅಲ್ಲಿ ಇವೆಯೇ? ತಪ್ಪಾದಾಗ ನನ್ನ ಪಕ್ಕ ಕುಳಿತು ನೋಡುವವರು ಒಬ್ಬರಾದರೂ ಇದ್ದಾರೆಯೇ? ಒಮ್ಮೆಯಾದರೂ ಗಿರಾಕಿಯ ಸೈಟಿಗೆ ನನ್ನನ್ನು ಕರೆದೊಯ್ಯುತ್ತೀರಾ? ಸ್ಟೈಪೆಂಡ್ ಎಷ್ಟು, ಸೈಟಿನಿಂದ ಮನೆಗೆ ಮರಳುವ ಹೊತ್ತು ಯಾವುದು ಎಂದೂ ಸಂಕೋಚವಿಲ್ಲದೆ ಕೇಳು. ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುವ ಪೀಣ್ಯದ ಸಣ್ಣ ಘಟಕವೊಂದು, ಉತ್ತರಿಸದ ದೊಡ್ಡ ಗಾಜಿನ ಕಟ್ಟಡಕ್ಕಿಂತ ನಿನಗೆ ಹೆಚ್ಚು ಕಲಿಸುತ್ತದೆ.

ಮೊದಲ ವಾರ ಯಾರೂ ನಿನಗೆ ದೊಡ್ಡ ಕೆಲಸ ಕೊಡುವುದಿಲ್ಲ. ಆ ಬಿಡುವನ್ನು ಭೌತಶಾಸ್ತ್ರಕ್ಕೆ ಕೊಡು. ಆರ್‌ಎಫ್‌ಐಡಿ ಎಂದು ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ಬೇರೆ ಬೇರೆ ಲೋಕಗಳಿವೆ. 125 ಕಿಲೊಹರ್ಟ್ಸ್‌ನ ಬಾಗಿಲು ಕಾರ್ಡು, ಪ್ರಾಣಿಗಳ ಚರ್ಮದಡಿ ಇಡುವ 134.2 ಕಿಲೊಹರ್ಟ್ಸ್‌ನ ಚಿಪ್ಪು ಒಂದು ಬಗೆ. ಮೆಟ್ರೊ ಕಾರ್ಡು, ಗ್ರಂಥಾಲಯದ ಪುಸ್ತಕದ ಟ್ಯಾಗು, ಫೋನಿನ ಎನ್‌ಎಫ್‌ಸಿ ಇರುವ 13.56 ಮೆಗಾಹರ್ಟ್ಸ್ ಇನ್ನೊಂದು. ಈ ಎರಡರಲ್ಲೂ ರೀಡರಿನ ಸುರುಳಿಗೂ ಟ್ಯಾಗಿನ ಸುರುಳಿಗೂ ನಡುವೆ ಇರುವುದು ಟ್ರಾನ್ಸ್‌ಫಾರ್ಮರಿನಲ್ಲಿರುವಂಥ ಕಾಂತೀಯ ನಂಟು. ಸುರುಳಿಗಳು ದೂರವಾದಂತೆ ಆ ನಂಟು ಬಲುಬೇಗ ಸಡಿಲಾಗುತ್ತದೆ, ಹಾಗಾಗಿ ಓದಿನ ದೂರ ಕಡಿಮೆ. ಗೋದಾಮು, ಟೋಲ್‌ಗಳಲ್ಲಿ ಬಳಸುವ ಯುಎಚ್‌ಎಫ್‌ನಲ್ಲಿ, ಅಂದರೆ 860ರಿಂದ 960 ಮೆಗಾಹರ್ಟ್ಸ್ ನಡುವೆ, ಅಲೆಗಳು ಆಂಟೆನಾ ಬಿಟ್ಟು ನಿಜವಾಗಿಯೂ ಹೊರಟುಹೋಗುತ್ತವೆ. ಅದರಿಂದಲೇ ಹಲವು ಮೀಟರುಗಳ ಓದು ಸಾಧ್ಯ. ಅದರಿಂದಲೇ ನಿನ್ನ ತಲೆನೋವೂ ಹೆಚ್ಚು.

ಪ್ಯಾಸಿವ್ ಯುಎಚ್‌ಎಫ್ ಟ್ಯಾಗಿನಲ್ಲಿ ಬ್ಯಾಟರಿಯಿಲ್ಲ, ತನ್ನದೇ ಆದ ಟ್ರಾನ್ಸ್‌ಮಿಟರೂ ಇಲ್ಲ. ಬಿಸಿಲಿಗೆ ಕನ್ನಡಿ ಹಿಡಿದು, ಅದನ್ನು ಅಲ್ಲಾಡಿಸುತ್ತಾ ಎದುರುಮನೆಯ ಗೆಳೆಯನಿಗೆ ಸನ್ನೆ ಮಾಡುವ ಹುಡುಗನಂತೆ ಅದು ಕೆಲಸ ಮಾಡುತ್ತದೆ. ಬೆಳಕು ರೀಡರಿನದು, ಸನ್ನೆ ಮಾತ್ರ ಟ್ಯಾಗಿನದು. ಇದನ್ನು ಕೇಳಿ ತಲೆಯಾಡಿಸಿದರೆ ಸಾಲದು, ಲೆಕ್ಕ ಹಾಕಿ ನೋಡು. 866 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 34.6 ಸೆಂಟಿಮೀಟರ್. 1 ವ್ಯಾಟ್ ಕೊಡುವ ರೀಡರಿಗೆ 6 ಡಿಬಿಐ ಆಂಟೆನಾ ಹಚ್ಚಿದರೆ ಮುಂದಿನ ದಿಕ್ಕಿಗೆ ಹೊರಡುವುದು ಸುಮಾರು 4 ವ್ಯಾಟ್‌ಗೆ ಸಮನಾದ ಶಕ್ತಿ. ಫ್ರಿಸ್ ಸಮೀಕರಣದಲ್ಲಿ ಹಾಕಿದರೆ 10 ಮೀಟರ್ ಆಚೆಯ ಟ್ಯಾಗಿಗೆ ದಕ್ಕುವುದು ಸುಮಾರು 30 ಮೈಕ್ರೊವ್ಯಾಟ್. ಇಂದಿನ ಒಳ್ಳೆಯ ಚಿಪ್ಪುಗಳು 10 ಮೈಕ್ರೊವ್ಯಾಟಿಗಿಂತ ಕಡಿಮೆಯಲ್ಲೂ ಎಚ್ಚರಗೊಳ್ಳುತ್ತವೆ. ಅಂದರೆ ಬಯಲಿನಲ್ಲಿ ನಿನಗಿರುವ ಉಳಿತಾಯ ಮೂರು-ನಾಲ್ಕು ಪಟ್ಟು ಮಾತ್ರ. ಒಂದು ರಟ್ಟಿನ ಪೆಟ್ಟಿಗೆ ಒದ್ದೆಯಾದರೆ, ಟ್ಯಾಗು ಅಡ್ಡ ತಿರುಗಿದರೆ, ಕೇಬಲ್ ಕಳಪೆಯಾದರೆ ಆ ಉಳಿತಾಯ ಕರಗಿಹೋಗುತ್ತದೆ. ಈ ಒಂದು ಲೆಕ್ಕ ಕಾಗದದ ಮೇಲೆ ಕೈಯಿಂದ ಮಾಡಿದವನಿಗೆ ಸೈಟಿನಲ್ಲಿ ಕಾಣುವ ಮುಕ್ಕಾಲು ಪಾಲು ತೊಂದರೆಗಳ ಬೇರು ಮೊದಲೇ ಗೊತ್ತಿರುತ್ತದೆ.

ಈ ತಂತ್ರದ ಹಿಂದಿನ ದಾರಿಯನ್ನೂ ಸ್ವಲ್ಪ ತಿಳಿದುಕೊ. 1948ರಲ್ಲಿ ಹ್ಯಾರಿ ಸ್ಟಾಕ್‌ಮನ್ ಎಂಬಾತ ಪ್ರತಿಫಲಿತ ಶಕ್ತಿಯಿಂದ ಸಂಪರ್ಕ ಸಾಧಿಸುವುದರ ಬಗ್ಗೆ ಒಂದು ಪ್ರಬಂಧ ಬರೆದ. ಅದಕ್ಕೂ ಮುಂಚೆ, 1945ರಲ್ಲಿ, ಮಾಸ್ಕೊದಲ್ಲಿದ್ದ ಅಮೆರಿಕದ ರಾಯಭಾರಿಗೆ ಸೋವಿಯತ್ ಮಕ್ಕಳು ಕೊಟ್ಟ ಮರದ ಲಾಂಛನದೊಳಗೆ ಲಿಯಾನ್ ಥೆರೆಮಿನ್ ರೂಪಿಸಿದ ಬ್ಯಾಟರಿಯಿಲ್ಲದ ಕದ್ದಾಲಿಕೆ ಸಾಧನ ಅಡಗಿತ್ತು. ಹೊರಗಿನಿಂದ ರೇಡಿಯೊ ಅಲೆ ಬಿದ್ದಾಗ ಮಾತ್ರ ಅದಕ್ಕೆ ಜೀವ. 1952ರವರೆಗೂ ಅದು ಪತ್ತೆಯಾಗಲಿಲ್ಲ. 1975ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಕೋಯೆಲ್, ಡೆಪ್, ಫ್ರೇಮನ್ ಎಂಬ ಮೂವರು ಹಿಂಚದುರುವಿಕೆಯಿಂದ (ಬ್ಯಾಕ್‌ಸ್ಕ್ಯಾಟರ್) ಗುರುತು ಓದುವ ಪ್ರಬಂಧ ಪ್ರಕಟಿಸಿದರು. 1999ರಲ್ಲಿ ಎಂಐಟಿಯಲ್ಲಿ ಆಟೊ-ಐಡಿ ಕೇಂದ್ರ ಶುರುವಾಗಿ, ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಐಐಟಿ ಕಾನ್ಪುರದ ಹಳೆಯ ವಿದ್ಯಾರ್ಥಿ ಸಂಜಯ್ ಸರ್ಮಾ ಮತ್ತು ಗೆಳೆಯರು ಒಂದು ವಿಚಾರ ಹಿಡಿದರು: ಟ್ಯಾಗಿನಲ್ಲಿ ಒಂದು ಸಂಖ್ಯೆ ಮಾತ್ರ ಇರಲಿ, ಉಳಿದ ಮಾಹಿತಿಯೆಲ್ಲ ಜಾಲದಲ್ಲಿರಲಿ, ಆಗ ಚಿಪ್ಪು ಅಗ್ಗವಾಗುತ್ತದೆ. ಭೌತಶಾಸ್ತ್ರ 1948ರಲ್ಲೇ ತಯಾರಿತ್ತು. ಅಗ್ಗದ ಚಿಪ್ಪು ಬರಲು ಅರ್ಧ ಶತಮಾನ ಹಿಡಿಯಿತು. ಒಳ್ಳೆಯ ವಿಚಾರವೊಂದು ಕಾಯಬೇಕಾದರೆ ಯಾವುದಕ್ಕಾಗಿ ಕಾಯುತ್ತದೆ ಎಂದು ಕೇಳುವ ಅಭ್ಯಾಸ ನಿನಗೂ ಬರಲಿ. 1948ರ ಮತ್ತು 1975ರ ಆ ಪ್ರಬಂಧಗಳನ್ನು ಹುಡುಕಿ ಓದು. ಮೂಲವನ್ನು ಓದುವ ರೂಢಿ ಈ ವಯಸ್ಸಿನಲ್ಲೇ ಬೀಳಬೇಕು.

ಈಗ ಕೈಕೆಲಸಕ್ಕೆ ಬರೋಣ. ಬೆಂಚಿನ ಮೇಲೆ ಒಂದು ರೀಡರ್, ಒಂದು ಆಂಟೆನಾ, ಬೇರೆ ಬೇರೆ ಮಾದರಿಯ ಹತ್ತು ಟ್ಯಾಗು ಸಿಕ್ಕರೆ ಸಾಕು, ನಿನಗೆ ಒಂದು ತಿಂಗಳ ಪಾಠವಿದೆ. ಟ್ಯಾಗನ್ನು ಒಂದು ರಟ್ಟಿನ ಮೇಲೆ ಅಂಟಿಸಿ ಎರಡು ಮೀಟರ್ ದೂರದಲ್ಲಿ ನಿಲ್ಲಿಸು. ಆಮೇಲೆ ಅದನ್ನು ನಿಧಾನವಾಗಿ ತಿರುಗಿಸುತ್ತಾ ಆರ್‌ಎಸ್‌ಎಸ್‌ಐ, ಅಂದರೆ ರೀಡರಿಗೆ ಮರಳಿ ಬಂದ ಸಂಕೇತದ ಬಲ, ಬರೆದುಕೊ. ಆಂಟೆನಾದ ಧ್ರುವೀಕರಣ ಲೀನಿಯರ್ ಆಗಿದ್ದರೆ ಒಂದು ಕೋನದಲ್ಲಿ ಟ್ಯಾಗು ಪೂರ್ತಿ ಮಾಯವಾಗುತ್ತದೆ. ಸರ್ಕ್ಯುಲರ್ ಆಗಿದ್ದರೆ ಯಾವ ಕೋನದಲ್ಲೂ ಸಿಗುತ್ತದೆ, ಆದರೆ ಅರ್ಧ ಶಕ್ತಿಯನ್ನು ಬೆಲೆಯಾಗಿ ಕೊಡಬೇಕಾಗುತ್ತದೆ. ಅದೇ ಟ್ಯಾಗನ್ನು ನೀರಿನ ಬಾಟಲಿಗೆ ಅಂಟಿಸು. ಸ್ಟೀಲ್ ಡಬ್ಬಿಗೆ ಅಂಟಿಸು. ಡಬ್ಬಿಗೂ ಟ್ಯಾಗಿಗೂ ನಡುವೆ ಥರ್ಮೊಕೋಲ್ ಚೂರಿಟ್ಟು ಮತ್ತೆ ನೋಡು. ಲೋಹದ ಮೇಲಿನ ವಿಶೇಷ ಟ್ಯಾಗುಗಳು ಯಾಕೆ ಅಷ್ಟು ದಪ್ಪ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಗೆಳೆಯನೊಬ್ಬನನ್ನು ಆಂಟೆನಾಗೂ ಟ್ಯಾಗಿಗೂ ನಡುವೆ ನಿಲ್ಲಿಸು. ಮನುಷ್ಯನ ಮೈಯ ಹೆಚ್ಚು ಪಾಲು ನೀರು. ಯುಎಚ್‌ಎಫ್ ಅಲೆಗೆ ಅವನೊಂದು ಗೋಡೆ.

ಇನ್ನೊಂದು ಪ್ರಯೋಗ ತಪ್ಪದೆ ಮಾಡು. ಹಿಂದೊಂದು ಕಬ್ಬಿಣದ ಬೀರು ಇರುವ ಕೋಣೆಯಲ್ಲಿ, ಟ್ಯಾಗನ್ನು ಬೀರುವಿನಿಂದ ಆಂಟೆನಾದತ್ತ ಒಂದೊಂದೇ ಸೆಂಟಿಮೀಟರ್ ಸರಿಸುತ್ತಾ ಬಾ. ಹತ್ತಿರವಾದಂತೆ ಓದು ಚೆನ್ನಾಗಬೇಕು ಎಂದು ನೀನು ಎಣಿಸಿರುತ್ತೀಯ. ಆದರೆ ಅದು ಏರುತ್ತದೆ, ಇಳಿಯುತ್ತದೆ, ಒಂದು ಜಾಗದಲ್ಲಿ ನಿಂತೇ ಹೋಗುತ್ತದೆ, ಒಂಬತ್ತು ಸೆಂಟಿಮೀಟರ್‌ನಷ್ಟು ಸರಿದರೆ ಮತ್ತೆ ಜೋರಾಗುತ್ತದೆ. ನೇರ ಬಂದ ಅಲೆಯೂ ಬೀರುವಿಗೆ ತಾಗಿ ಮರಳಿದ ಅಲೆಯೂ ಒಂದನ್ನೊಂದು ಅಳಿಸಿಹಾಕುವ ಜಾಗಗಳು ಸುಮಾರು ಅರ್ಧ ಅಲೆಯುದ್ದಕ್ಕೊಂದರಂತೆ, ಅಂದರೆ 17 ಸೆಂಟಿಮೀಟರಿಗೊಂದರಂತೆ ಬರುತ್ತವೆ. ಪುಸ್ತಕದಲ್ಲಿ ಸ್ಥಾಯಿ ಅಲೆ ಎಂದು ಓದಿದ್ದನ್ನು ಅಂದು ನೀನು ಅಳತೆಪಟ್ಟಿಯಲ್ಲಿ ಹಿಡಿಯುತ್ತೀಯ. ನಾಳೆ ಗೋದಾಮಿನಲ್ಲಿ ಟ್ರಾಲಿಯೊಂದು ನಿಂತಲ್ಲೇ ನಿಂತಾಗ ಓದಾಗದೆ, ಚೂರು ತಳ್ಳಿದೊಡನೆ ಓದಾದರೆ ಯಾರೂ ಅದನ್ನು ಪವಾಡ ಎನ್ನುವ ಅಗತ್ಯವಿಲ್ಲ. ನೀನು ಎದ್ದು ಕಾರಣ ಹೇಳಬಲ್ಲೆ.

ಇವನ್ನೆಲ್ಲ ಮಾಡುವಾಗ ಒಂದು ಶಿಸ್ತು ಇಟ್ಟುಕೊ: ಒಮ್ಮೆಗೆ ಒಂದೇ ಸಂಗತಿ ಬದಲಿಸು. ಪವರ್, ದೂರ, ಕೋನ, ಟ್ಯಾಗಿನ ಮಾದರಿ, ಕೇಬಲ್, ಎಲ್ಲವನ್ನೂ ಒಂದೇ ಸಲ ತಿರುಗಿಸಿ ಸರಿಹೋಯಿತು ಎಂದರೆ ಸರಿಯಾದದ್ದು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ದಿನಾಂಕ ಹಾಕಿದ ಒಂದು ನೋಟ್‌ಬುಕ್ ಇರಲಿ. ಓದಾಗದ ಪ್ರತಿ ಸಲವೂ ಒಂದು ಸಾಲು: ಯಾವ ಟ್ಯಾಗು, ಯಾವುದರ ಮೇಲೆ, ಎಷ್ಟು ದೂರ, ಯಾವ ದಿಕ್ಕು, ಸುತ್ತ ಏನಿತ್ತು. ಕೇಬಲಿನ ಬಗ್ಗೆ ಪ್ರತ್ಯೇಕ ಎಚ್ಚರವಿರಲಿ. ತೆಳ್ಳನೆಯ ಆರ್‌ಜಿ58 ಕೇಬಲನ್ನು ಆರು ಮೀಟರ್ ಎಳೆದರೆ ಈ ತರಂಗಾಂತರದಲ್ಲಿ ಸುಮಾರು ಅರ್ಧ ಶಕ್ತಿ ಆಂಟೆನಾ ಮುಟ್ಟುವುದೇ ಇಲ್ಲ, ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಟ್ಯಾಗನ್ನು ದೂರುವ ಮುಂಚೆ ಕೇಬಲ್ ನೋಡು, ಕನೆಕ್ಟರ್ ಬಿಗಿದಿದೆಯೇ ನೋಡು. ಆಂಟೆನಾ ಜೋಡಿಸದ ಪೋರ್ಟಿಗೆ ಪವರ್ ಕೊಡಬೇಡ.

ಬಿಡಿ ಟ್ಯಾಗು ದಾಟಿ ರಾಶಿ ಟ್ಯಾಗುಗಳಿಗೆ ಬಂದಾಗ ಪ್ರೋಟೋಕಾಲ್ ಓದದೆ ಗತಿಯಿಲ್ಲ. ಇಪಿಸಿ ಜೆನ್2 ಎಂಬ ಮಾನದಂಡ 2004ರ ಕೊನೆಯಲ್ಲಿ ಅಂಗೀಕಾರವಾಯಿತು. ಇಂದು ಪ್ರಪಂಚದ ಯುಎಚ್‌ಎಫ್ ಟ್ಯಾಗುಗಳ ಮಾತುಕತೆ ನಡೆಯುವುದು ಬಹುಪಾಲು ಅದರ ನಿಯಮದಲ್ಲೇ. ನೂರಾರು ಟ್ಯಾಗುಗಳು ಒಟ್ಟಿಗೆ ಬಾಯಿಬಿಟ್ಟರೆ ರೀಡರಿಗೆ ಒಂದೂ ಕೇಳಿಸದು. ಹಾಗಾಗಿ ರೀಡರ್ ಕ್ಯೂ ಎಂಬ ಒಂದು ಸಂಖ್ಯೆ ಕೂಗುತ್ತದೆ. ಪ್ರತಿ ಟ್ಯಾಗೂ ಅದಕ್ಕೆ ತಕ್ಕ ಸರದಿಗಳಲ್ಲಿ ಒಂದನ್ನು ಕುರುಡಾಗಿ ಆರಿಸಿಕೊಂಡು, ತನ್ನ ಸರದಿ ಬಂದಾಗ 16 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆಯೊಂದನ್ನು ಹೇಳುತ್ತದೆ. ರೀಡರ್ ಅದನ್ನೇ ಮರಳಿ ಹೇಳಿದರೆ ಮಾತ್ರ ತನ್ನ ಗುರುತನ್ನು ಕೊಡುತ್ತದೆ. ಟ್ಯಾಗು ಹತ್ತಿದ್ದಾಗ ಸಾವಿರ ಸರದಿ ಇಟ್ಟರೆ ಹೊತ್ತು ವ್ಯರ್ಥ. ಸಾವಿರವಿದ್ದಾಗ ಹತ್ತು ಸರದಿ ಇಟ್ಟರೆ ಡಿಕ್ಕಿಗಳೇ ಡಿಕ್ಕಿ.

ಅದೇ ಮಾನದಂಡದಲ್ಲಿ ಸೆಷನ್ ಎಂಬುದಿದೆ. ಹೊಸಬರನ್ನು ಹೆಚ್ಚು ಕಂಗೆಡಿಸುವುದು ಅದೇ. ಎಸ್2 ಅಥವಾ ಎಸ್3 ಸೆಷನ್‌ನಲ್ಲಿ ಒಮ್ಮೆ ಓದಾದ ಟ್ಯಾಗು ತನ್ನ ಸ್ಥಿತಿಯನ್ನು ನೆನಪಿಟ್ಟುಕೊಂಡು ಸುಮ್ಮನಾಗುತ್ತದೆ; ಅಲೆಯ ಆಸರೆ ತಪ್ಪಿದ ಮೇಲೂ ಕನಿಷ್ಠ ಎರಡು ಸೆಕೆಂಡಿನ ಮಟ್ಟಿಗೆ ಆ ನೆನಪು ಉಳಿಯುತ್ತದೆ. ಉಳಿದವರಿಗೆ ಅವಕಾಶ ಸಿಗಲಿ ಎಂದೇ ಹೀಗೆ ಮಾಡಿದ್ದಾರೆ. ಇದನ್ನು ತಿಳಿಯದೆ, ಒಮ್ಮೆ ಓದಾಗಿ ಆಮೇಲೆ ಉತ್ತರಿಸದ ಟ್ಯಾಗನ್ನು ಕೆಟ್ಟಿದೆ ಎಂದು ಕಸದ ಬುಟ್ಟಿಗೆ ಹಾಕುವ ಇಂಟರ್ನ್‌ಗಳನ್ನು ನಾನು ಕಂಡಿದ್ದೇನೆ. ಆ ಟ್ಯಾಗು ಹೇಳಿದ ಮಾತು ಕೇಳಿ ಸುಮ್ಮನಿತ್ತು, ಅಷ್ಟೆ. ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವ ಪ್ರತಿ ಆಯ್ಕೆಯ ಹಿಂದೆ ಯಾರೋ ಯೋಚಿಸಿದ ಒಂದು ಕಾರಣವಿರುತ್ತದೆ. ಆ ಕಾರಣ ತಿಳಿಯುವ ತನಕ ಅದನ್ನು ಮುಟ್ಟಬೇಡ. ತಿಳಿದ ಮೇಲೆ ಹೆದರಬೇಡ.

ಓದಿಗೆ ಸಿಗದ ಟ್ಯಾಗಿನಷ್ಟೇ ಪಾಠ ಹೇಳುವುದು, ಸಿಗಬಾರದಾಗಿದ್ದೂ ಸಿಕ್ಕ ಟ್ಯಾಗು. ಓದು ಸಾಲದು ಎಂದು ಪವರ್ ಏರಿಸಿದರೆ ಗೇಟಿನ ಪಕ್ಕದ ರ‍್ಯಾಕಿನಲ್ಲಿ ಸುಮ್ಮನೆ ಕುಳಿತ ಸರಕೂ ಹೊರಟುಹೋಯಿತೆಂದು ದಾಖಲಾಗುತ್ತದೆ. ಲೆಕ್ಕದಲ್ಲಿ ಇಲ್ಲದ ಸರಕಿಗಿಂತ ಸುಳ್ಳು ಲೆಕ್ಕದ ಸರಕು ಹೆಚ್ಚು ತೊಂದರೆ ಕೊಡುತ್ತದೆ, ಯಾಕೆಂದರೆ ಯಾರೂ ಅದನ್ನು ಅನುಮಾನಿಸುವುದಿಲ್ಲ. ಆಂಟೆನಾದ ಕೋನ, ಮರೆ, ಪವರ್, ಎರಡು ಆಂಟೆನಾಗಳಲ್ಲಿ ಯಾವುದು ಮೊದಲು ಕಂಡಿತು ಎಂಬ ಸಾಫ್ಟ್‌ವೇರ್ ತರ್ಕ, ಇವೆಲ್ಲ ಕೂಡಿದಾಗಲೇ ಗೇಟು ಸರಿಹೋಗುವುದು. ಪರದೆಯ ಮೇಲೆ ಐದು ಸಾವಿರ ಓದು ಎಂದು ಕಂಡರೆ ಟ್ಯಾಗು ಎಷ್ಟು ಎಂದು ಕೇಳು. ಒಂದೇ ಟ್ಯಾಗು ಸೆಕೆಂಡಿಗೆ ಹತ್ತಾರು ಸಲ ಓದಾಗಿರಬಹುದು.

ಶೇಕಡಾವಾರಿನ ಬಗ್ಗೆಯೂ ಒಂದು ಮಾತು. ಡೆಮೊದಲ್ಲಿ 99 ಶೇಕಡಾ ಎಂದು ಯಾರಾದರೂ ಹೇಳಿದರೆ ಯಾವ ವಸ್ತು, ಎಷ್ಟು ವೇಗ, ಯಾವ ಜೋಡಣೆ ಎಂದು ವಿನಯದಿಂದ ಕೇಳು. ದಿನಕ್ಕೆ 10,000 ಅಂಗಿ ದಾಟುವ ಗೇಟಿನಲ್ಲಿ ಆ ಉಳಿದ ಒಂದು ಶೇಕಡಾ ಎಂದರೆ 100 ಅಂಗಿ, ದಿನವೂ. 2003ರಲ್ಲಿ ಅಮೆರಿಕದ ವಾಲ್‌ಮಾರ್ಟ್ ತನ್ನ 100 ದೊಡ್ಡ ಪೂರೈಕೆದಾರರು 2005ರ ಜನವರಿ ಹೊತ್ತಿಗೆ ಪೆಟ್ಟಿಗೆಗಳಿಗೂ ಪ್ಯಾಲೆಟ್‌ಗಳಿಗೂ ಟ್ಯಾಗು ಹಚ್ಚಬೇಕೆಂದು ಘೋಷಿಸಿತು. ಎಣಿಸಿದ ವೇಗದಲ್ಲಿ ಅದು ನಡೆಯಲಿಲ್ಲ. ಟ್ಯಾಗಿನ ಬೆಲೆ, ನೀರು-ಲೋಹ ತುಂಬಿದ ಸರಕು, ಖರ್ಚು ಹೊತ್ತ ಪೂರೈಕೆದಾರರಿಗೆ ಕಾಣದ ಲಾಭ, ಇವೆಲ್ಲ ಅಡ್ಡ ಬಂದವು. ಮುಂದೆ ಬಟ್ಟೆ ಅಂಗಡಿಗಳಲ್ಲಿ ಇದೇ ತಂತ್ರ ಚೆನ್ನಾಗಿ ಬೇರೂರಿತು. ಬಟ್ಟೆಯಲ್ಲಿ ನೀರಿಲ್ಲ, ಲೋಹ ಕಡಿಮೆ, ಅಳತೆ-ಬಣ್ಣಗಳ ಎಣಿಕೆಯ ಗೋಳು ಹೆಚ್ಚು. ತಂತ್ರ ಒಂದೇ, ಅದು ಹೊಂದುವ ಜಾಗ ಕಂಡುಕೊಳ್ಳುವುದೇ ಎಂಜಿನಿಯರಿನ ವಿವೇಕ. ಬಾರ್‌ಕೋಡ್ ಸಾಕಾಗುವ ಕಡೆ ಬಾರ್‌ಕೋಡೇ ಸಾಕು ಎಂದು ಹೇಳುವ ಧೈರ್ಯವನ್ನೂ ಬೆಳೆಸಿಕೊ.

ನಿನ್ನ ಕಣ್ಣೆದುರೇ ಇರುವ ಒಂದು ದೊಡ್ಡ ಉದಾಹರಣೆ ಫಾಸ್ಟ್ಯಾಗ್. 2010ರಲ್ಲಿ ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ ಅವರ ನೇತೃತ್ವದ ಸಮಿತಿ ದೇಶದ ಟೋಲ್ ವಸೂಲಿಗೆ ಪ್ಯಾಸಿವ್ ಯುಎಚ್‌ಎಫ್ ಟ್ಯಾಗನ್ನೇ ಶಿಫಾರಸು ಮಾಡಿತು. 2021ರ ಫೆಬ್ರುವರಿ ಮಧ್ಯದಿಂದ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳಲ್ಲಿ ಅದು ಕಡ್ಡಾಯವಾಯಿತು. ಮುಂದಿನ ಸಲ ಊರಿಗೆ ಹೋಗುವಾಗ ಟೋಲಿನಲ್ಲಿ ಆಂಟೆನಾ ಎಲ್ಲಿದೆ, ಯಾವ ಕೋನದಲ್ಲಿ ಬಾಗಿದೆ, ಟ್ಯಾಗನ್ನು ಗಾಜಿನ ಒಳಮೈಗೆ ನಡುಭಾಗದಲ್ಲಿ ಯಾಕೆ ಅಂಟಿಸುತ್ತಾರೆ ಎಂದು ನೋಡು. ಮನೆಯಲ್ಲಿ ಯಾರಾದರೂ, ಗಾಜು ಒರೆಸುವ ಹುಡುಗ ಕೈಗಡಿಯಾರ ಹಿಡಿದು ಫಾಸ್ಟ್ಯಾಗಿನ ಹಣ ಕದ್ದನಂತೆ ಎಂದರೆ ಬಿಡಿಸಿ ಹೇಳು. 2022ರಲ್ಲಿ ಅಂಥ ವೀಡಿಯೊ ಹರಡಿದಾಗ ಅದು ನಿರಾಧಾರ ಎಂದು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ತಿಳಿಸಿತ್ತು. ಟ್ಯಾಗಿನಲ್ಲಿರುವುದು ಗುರುತು, ಹಣ ಇರುವುದು ಅದಕ್ಕೆ ಜೋಡಿಸಿದ ಖಾತೆಯಲ್ಲಿ, ವಸೂಲಿ ಮಾಡಲು ನೋಂದಾಯಿತ ಟೋಲ್‌ಗಳಿಗೆ ಮಾತ್ರ ಸಾಧ್ಯ. ಕಲಿತ ವಿದ್ಯೆ ಮನೆಯವರ ಭಯ ಕಳೆಯದಿದ್ದರೆ ಅದಕ್ಕೇನು ಬೆಲೆ?

ಕಾನೂನಿನ ಮಾತು ಸಪ್ಪೆ ಅನ್ನಿಸಿದರೂ ಕೇಳು. ಭಾರತದಲ್ಲಿ ಯುಎಚ್‌ಎಫ್ ಆರ್‌ಎಫ್‌ಐಡಿಗೆ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟರು. ಆಮೇಲೆ ಅದು 868ರವರೆಗೆ ವಿಸ್ತಾರವಾಯಿತು. ಪವರಿಗೂ ಮಿತಿ ಇದೆ. ಹೊರದೇಶದಿಂದ ತರಿಸಿದ ರೀಡರಿನಲ್ಲಿ ಅಮೆರಿಕದ ಪ್ರದೇಶ ಆರಿಸಿಬಿಟ್ಟರೆ ಅದು 902ರಿಂದ 928ಕ್ಕೆ ಹಾರುತ್ತದೆ. ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನುಗಳು ಟವರಿನೊಂದಿಗೆ ಮಾತಾಡುವ ಪಟ್ಟಿ. ನಿನ್ನ ಟ್ಯಾಗು ಚೆನ್ನಾಗಿ ಓದಾಗಬಹುದು, ಪಕ್ಕದ ಬೀದಿಯವರ ಕರೆಗೆ ಅಡ್ಡಿಯಾಗಬಹುದು. ರೀಡರ್ ಕೈಗೆ ಬಂದೊಡನೆ ಮೊದಲು ನೋಡಬೇಕಾದ ಸೆಟ್ಟಿಂಗ್ ಅದು.

ಭದ್ರತೆಯ ಬಗ್ಗೆ ಹುಡುಗಾಟ ಬೇಡ. ಕಾರ್ಡಿನ ಸಂಖ್ಯೆ ಓದಾಯಿತು, ಬಾಗಿಲು ತೆರೆಯಿತು ಎಂದರೆ ಅದು ಭದ್ರತೆಯಾಗುವುದಿಲ್ಲ. ಸಂಖ್ಯೆಯನ್ನು ನಕಲು ಮಾಡುವುದು ಕಷ್ಟವೇನಲ್ಲ. ಪ್ರಪಂಚದ ಎಷ್ಟೋ ನಗರಗಳ ಸಾರಿಗೆ ಕಾರ್ಡುಗಳಲ್ಲಿದ್ದ ಮೈಫೇರ್ ಕ್ಲಾಸಿಕ್ ಚಿಪ್ಪು, ತನ್ನ ಗುಪ್ತಲಿಪಿಯ ವಿಧಾನವನ್ನು ಮುಚ್ಚಿಟ್ಟಿದ್ದೇ ರಕ್ಷಣೆ ಎಂದು ನಂಬಿತ್ತು. 2008ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಇತರರು ಅದನ್ನು ಬಿಡಿಸಿ ತೋರಿಸಿದರು. ಮುಚ್ಚಿಟ್ಟ ವಿಧಾನಕ್ಕಿಂತ, ಎಲ್ಲರೂ ಪರೀಕ್ಷಿಸಿ ಗೆದ್ದು ಬಂದ ವಿಧಾನವೇ ಗಟ್ಟಿ. ಇದನ್ನು ಕಲಿಯಲು ನಿನ್ನದೇ ಕಾರ್ಡು ಬಳಸು. ಸಹೋದ್ಯೋಗಿಯ ಕಾರ್ಡನ್ನೋ ಕಚೇರಿಯ ಬಾಗಿಲನ್ನೋ ಲಿಖಿತ ಅನುಮತಿಯಿಲ್ಲದೆ ಪರೀಕ್ಷಿಸಲು ಹೋಗಬೇಡ. ಗಿರಾಕಿಯ ಸೈಟಿನ ಫೋಟೊ, ದತ್ತಾಂಶ, ಕೋಡು ಯಾವುದನ್ನೂ ಕೇಳದೆ ಹೊರಗೆ ಹಂಚಬೇಡ.

ಇನ್ನು ಮನುಷ್ಯರು. ಟ್ಯಾಗು ಪೆಟ್ಟಿಗೆಯ ಮೇಲಿದ್ದಾಗ ಅದು ಲೆಕ್ಕ. ಕಾರ್ಮಿಕರ ಕೊರಳಿನಲ್ಲಿದ್ದಾಗ ಅದು ಅವರ ಬದುಕು. ಯಾರು ಎಷ್ಟು ಹೊತ್ತು ಶೌಚಾಲಯಕ್ಕೆ ಹೋದರು ಎಂಬುದನ್ನೂ ಈ ತಂತ್ರ ಎಣಿಸಬಲ್ಲದು. ಎಣಿಸಬಲ್ಲದು ಎಂದ ಮಾತ್ರಕ್ಕೆ ಎಣಿಸಬೇಕೆಂದಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯನ್ನು ಒಮ್ಮೆ ಓದು. ಈ ದತ್ತಾಂಶ ಯಾಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಧರಿಸುವವರಿಗೆ ಹೇಳಿದ್ದೀರಾ ಎಂದು ಸಭೆಯಲ್ಲಿ ಕೇಳು. ಇಂಟರ್ನ್ ಬಾಯಿಂದ ಬಂದರೂ ಸರಿಯಾದ ಪ್ರಶ್ನೆ ಸರಿಯಾದದ್ದೇ.

ಸೈಟಿಗೆ ಹೋದಾಗ ಲೋಡಿಂಗ್ ಮಾಡುವವರ ಜೊತೆ, ಫೋರ್ಕ್‌ಲಿಫ್ಟ್ ಓಡಿಸುವವರ ಜೊತೆ, ಗೇಟಿನ ಕಾವಲುಗಾರರ ಜೊತೆ ಕುಳಿತು ಚಹಾ ಕುಡಿ. ಯಾವ ಲಾರಿ ಬಂದಾಗ ಲೆಕ್ಕ ತಪ್ಪುತ್ತದೆ, ಮಳೆಗಾಲದಲ್ಲಿ ಯಾವ ಪೆಟ್ಟಿಗೆ ಓದಾಗುವುದಿಲ್ಲ, ರಾತ್ರಿ ಪಾಳಿಯಲ್ಲಿ ಟ್ರಾಲಿ ಎಲ್ಲಿ ನಿಲ್ಲಿಸುತ್ತಾರೆ ಎಂಬುದು ನಿನ್ನ ಲಾಗ್ ಫೈಲಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಭಾಷೆಯಲ್ಲಿ ಮಾತಾಡು, ನಿನ್ನ ಗೇಟು ಏನು ಮಾಡುತ್ತದೆ ಎಂದು ಅವರಿಗೆ ತಿಳಿಸು. ಆಂಟೆನಾ ಕಟ್ಟುವ ತಂತ್ರಜ್ಞರ ಬಳಿ ಕ್ರಿಂಪಿಂಗ್ ಕಲಿ, ಏಣಿ ಹಿಡಿ, ಕೇಬಲಿಗೆ ಚೀಟಿ ಅಂಟಿಸು. ಇಂಥ ಕೆಲಸ ಕೊಟ್ಟರೆ ಕಡೆಗಣಿಸಿದರು ಎಂದು ಕೊರಗಬೇಡ. ಅಲ್ಲೇ ನಿನಗೆ ಓದಿಗೆ ಸಿಗದ ಟ್ಯಾಗುಗಳ ವಿಳಾಸ ಸಿಗುತ್ತದೆ.

ಕೊನೆಗೆ ರಿಪೋರ್ಟು. ಹಿಂದಿನ ವರ್ಷದವರ ಕಡತದಿಂದ ಆರ್‌ಎಫ್‌ಐಡಿಯ ಇತಿಹಾಸವನ್ನು ಎತ್ತಿ ಹತ್ತು ಪುಟ ತುಂಬಿಸಬೇಡ. ನಿನ್ನ ನೋಟ್‌ಬುಕ್ ತೆರೆದು ಒಂದು ಅಧ್ಯಾಯಕ್ಕೆ ‘ಓದಾಗದ ಟ್ಯಾಗುಗಳು’ ಎಂದು ಹೆಸರಿಡು. ಎಷ್ಟು ಸಲ, ಎಲ್ಲಿ, ಯಾವ ಕಾರಣಕ್ಕೆ, ಏನು ಮಾಡಿದ ಮೇಲೆ ಸರಿಹೋಯಿತು, ಯಾವುದು ಇನ್ನೂ ಸರಿಹೋಗಿಲ್ಲ ಎಂದು ಕೋಷ್ಟಕ ಹಾಕು. ಸಂದರ್ಶನಕ್ಕೆ ಕುಳಿತಾಗ ಆ ಪುಟವನ್ನೇ ತೆರೆದು ತೋರಿಸು. ಕೆಲಸ ಬಲ್ಲ ಯಾವ ಹಿರಿಯ ಎಂಜಿನಿಯರೂ ಅದನ್ನು ದಾಟಿ ಮುಂದೆ ಹೋಗುವುದಿಲ್ಲ; ಅಲ್ಲೇ ನಿಂತು ಪ್ರಶ್ನೆ ಕೇಳುತ್ತಾರೆ, ನಿನ್ನಲ್ಲಿ ಉತ್ತರವಿರುತ್ತದೆ. ಆ ಪುಟದ ಒಂದು ಪ್ರತಿಯನ್ನು ನೀನು ಕೆಲಸ ಮಾಡಿದ ಜಾಗದಲ್ಲೂ ಬಿಟ್ಟು ಬಾ. ನಿನ್ನ ನಂತರ ಬರುವ ಇಂಟರ್ನ್ ನೀನು ನಿಲ್ಲಿಸಿದಲ್ಲಿಂದ ಮುಂದುವರಿಯಲಿ. ಹೋಗಿ ಬಾ, ಒಳ್ಳೆಯದಾಗಲಿ.